ಬಾಡಿಗಿಗಿ ಕೊಟ್ಟ ಮಾಳಗಿ ಮನಿ

ನಮ್ಮ ಹಿರೇರ ಮನೆಯನ್ನು ಒಂದು ರಾತ್ರಿ, ಎರಡು ರಾತ್ರಿ ಲೆಕ್ಕದಲ್ಲಿ ಪರಊರ ಮಂದಿಗೆ ಬಾಡಿಗಿಗಿ ಕೊಡುತ್ತೇವೆ ಎಂಬ ಸುದ್ದಿ ಹರಡಿದಾಗ ಊರಲ್ಲಿ ಮೂರು ಥರದ ಮಾತು ಬಂತು. ಕೆಲವರು ನಕ್ಕರು. ಕೆಲವರು "ಭಜನಿ ಮನಿತನದವರು ಈಗ ಲಾಜ್ ತೆಗದಾರ" ಅಂತ ಕಟ್ಟಿ ಮ್ಯಾಲ ಕೂತು ಆಡಿಕೊಂಡರು. ಇನ್ನು ಕೆಲವರು ಕತ್ತಲಾದ ಮೇಲೆ ಬಂದು ಸಣ್ಣ ದನಿಯಲ್ಲಿ "ಎಷ್ಟ ಸಿಗ್ತದರೀ?" ಅಂತ ಕೇಳಿದರು. ಈ ಕಡೆಯವರ ಸಲುವಾಗಿ ಈ ಲೇಖನ. ಯಾಕಂದರೆ ಅವರ ಮನೆಯ ಜಂತಿಯೂ ನಮ್ಮ ಮನೆಯ ಜಂತಿಯಂತೆಯೇ ಬಾಗಿದೆ.

ಮಾಳಗಿ ಮನಿ ಅಂದರೇನು ಅಂತ ಈಗಿನ ಹುಡುಗರಿಗೆ ಹೇಳಬೇಕು, ಅವರು ಆರ್‌ಸಿಸಿ ಮನೆಯಲ್ಲಿ ಹುಟ್ಟಿದವರು. ಕಲ್ಲು ಮಣ್ಣಿನ ಎರಡೂವರೆ ಫೂಟು ದಪ್ಪದ ಗ್ವಾಡಿ. ಒಳಗೆ ಸಾಗವಾನಿ ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಹಲಗಿ, ಅದರ ಮೇಲೆ ಬೇವಿನ ತಪ್ಪಲು ಹಾಸಿ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಹಾಳಮಣ್ಣು. ಬಾಗಿಲು ದಾಟಿದ ಕೂಡಲೇ ದನಗಳ ಜಾಗ, ಗೋದಲಿ. ಅಲ್ಲಿಂದ ಒಂದು ಮೆಟ್ಟಿಲು ಎತ್ತರ ಪಡಸಾಲಿ, ಅದರ ಒಳಗೆ ಅಡಗಿ ಮನಿ, ದೇವರ ಮನಿ. ಬೆಳಕು ಬರುವುದು ಮಾಳಗಿಯ ಗವಾಕ್ಷಿಯಿಂದ ಅಷ್ಟೇ. ಸೊಲ್ಲಾಪುರದ ಬ್ಯಾಸಗಿ ನಿಮಗೆ ಗೊತ್ತು, ನಲವತ್ನಾಲ್ಕು ಡಿಗ್ರಿ ಬಿಸಿಲಿನಲ್ಲಿ ಈ ಮನೆಯೊಳಗೆ ಹೊಕ್ಕರೆ ಭಾವಿಗೆ ಇಳಿದಂತೆ ತಂಪು. ಆ ತಂಪು ಯಾವ ಪಂಖಾದಿಂದಲೂ ಬರುವುದಿಲ್ಲ.

ಆದರೆ ಅದೇ ಮಣ್ಣು ಮಂದಿಯನ್ನು ಕೊಂದದ್ದೂ ಖರೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಂದಿ ಮಲಗಿದ್ದ ರಾತ್ರಿ, ನಸುಕಿನ ನಾಲ್ಕಕ್ಕೆ ಕಿಲ್ಲಾರಿ ಭೂಕಂಪ ಆಯಿತು. ನಮ್ಮ ಮನೆಯಲ್ಲಿ ನೆಲುವಿನ ಗಡಿಗಿ ಅಲ್ಲಾಡಿದವು, ಜಂತಿಯಿಂದ ಮಣ್ಣು ಉದುರಿತು, ಎಲ್ಲರೂ ಅಂಗಳಕ್ಕೆ ಓಡಿ ಬಂದು ಬೆಳಗಿನವರೆಗೆ ಕೂತೆವು. ಲಾತೂರು, ಉಸ್ಮಾನಾಬಾದ ಕಡೆ ಎಂಟ್ಹತ್ತು ಸಾವಿರ ಜನ ಸತ್ತರು. ಬಹಳಷ್ಟು ಜನ ಭೂಕಂಪಕ್ಕಲ್ಲ, ತಮ್ಮ ತಲೆಯ ಮೇಲಿನ ಮಾಳಗಿಗೆ ಸತ್ತರು. ಪ್ರತಿ ವರ್ಷ ಮಿರಗದ ಮಳಿಗಿಂತ ಮೊದಲು ಸೋರಬಾರದೆಂದು ಒಂದು ಪದರ ಮಣ್ಣು ಹಾಕುವುದು ನಮ್ಮ ರೂಢಿ. ಹಳೇ ಮಣ್ಣು ತೆಗೆಯುವವರಿಲ್ಲ. ನಾಲ್ಕು ತಲಿ ಹೀಗೆ ಹಾಕಿದರೆ ಎರಡು ಫೂಟು ಮಣ್ಣು ತಲೆಯ ಮೇಲೆ ಕೂಡುತ್ತದೆ. ಭೂಕಂಪ ಆದ ಮೇಲೆ ನಮ್ಮ ತಾಲೂಕಿನಲ್ಲಿಯೂ ಮಂದಿ ಹೆದರಿ ಮಾಳಗಿ ಕೆಡವಿದರು, ಪತ್ರಾ ಹಾಕಿದರು, ಸ್ಲ್ಯಾಬ್ ಹಾಕಿದರು. ನಮ್ಮ ಅಣ್ಣ ಹೋಗುವ ತನಕ ಹಳೇ ಮನೆಯಲ್ಲಿಯೇ ಇದ್ದ. ನಾನು ಹೊಲದ ಮನೆಗೆ ಹೋದೆ. ತಮ್ಮ ಸೊಲ್ಲಾಪುರದಲ್ಲಿ ಮಿಲ್ಲಿಗೆ ಹೋದವನು ಮಿಲ್ಲು ಮುಚ್ಚಿದ ಮೇಲೂ ಅಲ್ಲಿಯೇ ಉಳಿದ. ದೊಡ್ಡ ಮನೆಯಲ್ಲಿ ಕಡೆಗೆ ಉಳಿದವರು ವೈನಿ ಒಬ್ಬರೇ.

ನಾಲ್ಕೈದು ವರ್ಷದ ಹಿಂದೆ ತಮ್ಮ ಬಂದು ತನ್ನ ಪಾಲು ಕೇಳಿದ. ಮಗಳ ಲಗ್ನ ಇತ್ತು, ಕೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಅವನ ಜೋಡಿ ಹಳೇ ಕಟ್ಟಿಗಿ ವ್ಯಾಪಾರ ಮಾಡುವ ಒಬ್ಬ ಮನುಷ್ಯನೂ ಬಂದಿದ್ದ. ಅವನು ಮನೆ ನೋಡಲಿಲ್ಲ, ಕಂಬ ನೋಡಿದ. ಉಗುರಿನಿಂದ ಕೆರೆದು ಸಾಗವಾನಿ ಹೌದೋ ಅಲ್ಲೋ ಅಂತ ತಿಳಿದುಕೊಂಡ. ಹದಿನಾರು ಕಂಬ, ತೊಲಿಗಳು, ಕೆತ್ತಿದ ಹೆಬ್ಬಾಗಿಲು, ಎಲ್ಲದಕ್ಕೂ ಕೂಡಿ ಒಂದು ಬೆಲೆ ಹೇಳಿದ. ಕಲ್ಲು ಬೇರೆ ಯಾರಿಗಾದರೂ ಮಾರಿರಿ ಅಂದ. ನಮ್ಮ ಕಡೆ ಎಷ್ಟೋ ವಾಡೆಗಳು ಹೀಗೆಯೇ ಲಾರಿ ಹತ್ತಿ ಹೋಗಿವೆ. ಪುಣೆ, ಮುಂಬೈ ಹೋಟೆಲಿನವರು ಆ ಬಾಗಿಲು ನಿಲ್ಲಿಸಿ ಅದರ ಮುಂದೆ ಊಟಕ್ಕೆ ಕೂಡ್ರಿಸುತ್ತಾರಂತೆ. ಬಾಗಿಲು ಅಲ್ಲಿಗೆ ಹೋಗುವ ಬದಲಿ ಉಣ್ಣುವವರೇ ಇಲ್ಲಿಗೆ ಬಂದರೆ ಏನಾಗುತ್ತದೆ ಅಂದವನು ಅಣ್ಣನ ಮಗ. ಪುಣೆಯಲ್ಲಿ ಇಂಜಿನಿಯರ್ ಇದ್ದಾನೆ. "ಕಾಕಾ, ಮೂರು ತಿಂಗಳ ಟೈಮ್ ಕೊಡ್ರಿ. ಆಮ್ಯಾಲ ನಿಮ್ಮ ಮನಸಿಗಿ ಬಂದಂಗ ಮಾಡ್ರಿ" ಅಂದ.

ಅವನ ಲೆಕ್ಕ ಇಷ್ಟು. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ಮುಂಬೈ, ಪುಣೆ, ನಾಶಿಕದಿಂದ ವರ್ಷವಿಡೀ ಮಂದಿ ಬರುತ್ತಾರೆ. ಗುರುವಾರ, ಗುರುಪೌರ್ಣಿಮೆ, ದತ್ತ ಜಯಂತಿಗಂತೂ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ. ವಟವೃಕ್ಷದ ಗುಡಿ ನೋಡುತ್ತಾರೆ, ಅನ್ನಛತ್ರದಲ್ಲಿ ಪ್ರಸಾದ ಉಣ್ಣುತ್ತಾರೆ, ಗಾಣಗಾಪುರಕ್ಕೋ ತುಳಜಾಪುರಕ್ಕೋ ಹೋಗುತ್ತಾರೆ. ಅವರಲ್ಲಿ ನೂರಕ್ಕೊಬ್ಬರಿಗಾದರೂ ಹಳ್ಳಿಯ ಮನೆಯಲ್ಲಿ ಒಂದು ರಾತ್ರಿ ಮಲಗಬೇಕು, ಚುಲಿ ಮ್ಯಾಲಿನ ರೊಟ್ಟಿ ಉಣ್ಣಬೇಕು ಅನ್ನಿಸುತ್ತದೆ. 2020ರಲ್ಲಿ ಮಹಾರಾಷ್ಟ್ರ ಸರ್ಕಾರವೂ ಕೃಷಿ ಪರ್ಯಟನ ಧೋರಣೆ ತಂದಿತ್ತು. ಅವನು ಇಟಲಿ ದೇಶದ ಒಂದು ಕಾಯ್ದೆಯನ್ನೂ ಫೋನಿನಲ್ಲಿ ತೆಗೆದು ಓದಿ ಹೇಳಿದ. ಅಲ್ಲಿ 1985ರಲ್ಲಿಯೇ ರೈತರ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಲಿಕ್ಕೆ ಕಾನೂನು ಆಗಿದೆ. ಒಕ್ಕಲುತನವೇ ಮುಖ್ಯ ಇರಬೇಕು, ಬಾಡಿಗಿ ಅದಕ್ಕ ಜೋಡಿ ಉದ್ಯೋಗ ಅಷ್ಟೇ ಅಂತ ಅದರಲ್ಲಿದೆ. ಬಿತ್ತದವನು ರೈತನ ಮನೆ ಅಂತ ಬೋರ್ಡು ಹಚ್ಚುವಂತಿಲ್ಲ. ಈ ಮಾತು ನನಗೆ ಸೇರಿತು.

ದುರಸ್ತಿಗೆ ಮೂರು ತಿಂಗಳಲ್ಲ, ಹನ್ನೊಂದು ತಿಂಗಳು ಹಿಡಿಯಿತು. ಮೊದಲು ಮಾಳಗಿ ಮಣ್ಣು ಇಳಿಸಿದೆವು. ಎಷ್ಟು ಟ್ರ್ಯಾಕ್ಟರ್ ಮಣ್ಣು ಬಂತು ಅಂದರೆ ಇಷ್ಟು ಭಾರದ ಕೆಳಗೆ ನಾವು ಹುಟ್ಟಿ ಬೆಳೆದೆವೋ ಅನ್ನಿಸಿತು. ಹಲಗಿ ಬದಲಿಸಿ, ಪ್ಲಾಸ್ಟಿಕ್ ಹಾಳಿ ಹಾಸಿ, ಮತ್ತೆ ಎಂಟೇ ಇಂಚು ಮಣ್ಣು ಹಾಕಿದೆವು. ಗ್ವಾಡಿ ಎರಡು ಮೈಯಾಗಿ ಕಟ್ಟಿದ್ದು, ನಡುವೆ ಗರಸು ಮಣ್ಣು ತುಂಬಿದ್ದು. ಹೊರಗಿನ ಮೈ ಹೊಟ್ಟಿ ಬಿಟ್ಟಿತ್ತು. ಎರಡೂ ಮೈ ಹಿಡಿದು ನಿಲ್ಲುವಂತೆ ಅಲ್ಲಲ್ಲಿ ಗ್ವಾಡಿ ದಪ್ಪ ಪೂರ್ತಿ ದಾಟುವ ಉದ್ದನ ಕಲ್ಲು ಕೂಡ್ರಿಸಬೇಕು. ಕಿಲ್ಲಾರಿ ಆದ ಮೇಲೆ ಸರ್ಕಾರದವರು ಊರೂರಿಗೆ ಹೇಳಿಕೊಟ್ಟದ್ದು ಇದನ್ನೇ, ಮಾಡಿದವರು ಕಡಿಮೆ. ಕಂಬ ತೊಲಿ ಕೂಡುವಲ್ಲಿ ಓರೆ ಕಟ್ಟಿಗಿ ಬಡಿದೆವು. ಕಂಬ ತೊಲಿ ಗಟ್ಟಿ ಇದ್ದ ಮನೆಗಳಲ್ಲಿ ಗ್ವಾಡಿ ಬಿದ್ದರೂ ಮಾಳಗಿ ನಿಂತು ಮಂದಿ ಉಳಿದದ್ದನ್ನು ಆಗ ನಾವು ಕಣ್ಣಾರೆ ನೋಡಿ ಬಂದಿದ್ದೆವು. ಹಿತ್ತಲದಲ್ಲಿ ಪಾಯಖಾನಿ, ಬಚ್ಚಲು ಹೊಸದಾಗಿ ಕಟ್ಟಿದೆವು. ಪ್ಯಾಟಿ ಮಂದಿ ಎಲ್ಲ ತಡೆದುಕೊಳ್ಳುತ್ತಾರೆ, ಅದೊಂದು ಬಿಟ್ಟು.

ಕೆಲಸ ನೋಡಿಕೊಂಡ ಹುಡುಗ ಗೋದಲಿ ತೆಗೆದು ಅಲ್ಲಿ ಸೋಫಾ ಇಡೋಣ ಅಂದ. ವೈನಿ ಬಂದು ನಡುವೆ ನಿಂತರು. "ಎತ್ತ ಮೇಯ್ದ ಜಾಗಾ ಅದು. ಅಲ್ಲಿ ಮಂದಿ ಕುಂಡಿ ಊರೂದು ಬ್ಯಾಡ" ಅಂದರು. ಗೋದಲಿ ಉಳಿಯಿತು. ಈಗ ಅಲ್ಲಿ ಒಂದು ಆಕಳು, ಅದರ ಕರು ಇದೆ. ಬಂದವರು ಮೊದಲು ಫೋಟೋ ತೆಗೆಯುವುದು ಅದರದ್ದೇ.

ಮನೆಗೆ ಏನು ಹೆಸರು ಇಡಬೇಕು ಅನ್ನುವುದಕ್ಕೂ ಒಂದು ವಾರ ಚರ್ಚೆ ಆಯಿತು. ಅಣ್ಣನ ಮಗ ಇಂಗ್ಲಿಷಿನಲ್ಲಿ ಏನೇನೋ ಬರೆದು ತಂದ. ವೈನಿ "ಮನಿಗಿ ಮನಿ ಅಂದ್ರ ಸಾಲೂದಿಲ್ಲೇನು?" ಅಂತ ಕೇಳಿದರು. ಆದ್ದರಿಂದ ಕನ್ನಡದಲ್ಲಿ 'ಮಾಳಗಿ ಮನಿ' ಅಂತ, ಕೆಳಗೆ ಮರಾಠಿಯಲ್ಲಿಯೂ ಅದನ್ನೇ ಬರೆಸಿದೆವು.

ಮೊದಲ ವರ್ಷ ಬಂದವರಲ್ಲಿ ಪುಣೆಯ ಗಂಡ ಹೆಂಡತಿ ಇಬ್ಬರು ಇಟಲಿಯ ದಕ್ಷಿಣಕ್ಕೆ ಹೋಗಿ ಬಂದವರಿದ್ದರು. ಅಲ್ಲಿ ಮಾತೇರಾ ಅಂತ ಒಂದು ಊರು, ಬಂಡೆ ಕೊರೆದು ಮಾಡಿದ ಮನೆಗಳು. ಒಂದೇ ಗವಿಯಲ್ಲಿ ಮಂದಿ, ಕತ್ತೆ, ಕೋಳಿ ಎಲ್ಲ ಕೂಡಿಯೇ ಇರುತ್ತಿದ್ದರಂತೆ. ದೇಶಕ್ಕೆ ನಾಚಿಕೆ ಅಂತ ಹೇಳಿ 1952ರಲ್ಲಿ ಕಾಯ್ದೆ ಮಾಡಿ ಹದಿನೈದು ಸಾವಿರದಷ್ಟು ಜನರನ್ನು ಅಲ್ಲಿಂದ ಎಬ್ಬಿಸಿ ಹೊಸ ಮನೆಗಳಿಗೆ ಕಳಿಸಿದರು. ಊರು ಹಾಳು ಬಿತ್ತು. ಆಮೇಲೆ ರಿಪೇರಿ ಸುರುವಾಯಿತು. ನಮ್ಮ ಕಡೆ ಮಾಳಗಿಗಳು ಬಿದ್ದ ಅದೇ 1993ರಲ್ಲಿ ಆ ಗವಿಗಳು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿದವು. ಈಗ ಅದೇ ಗವಿಯಲ್ಲಿ ಒಂದು ರಾತ್ರಿ ಮಲಗಲಿಕ್ಕೆ ನಮ್ಮ ಒಂದು ಚೀಲ ತೊಗರಿಯ ರೊಕ್ಕಕ್ಕಿಂತ ಹೆಚ್ಚು ಕೊಡಬೇಕಂತೆ. ಊಟ ಮಾತ್ರ ಭಾಳ ಛಲೋ ಅಂದರು. ಬಡವರ ಊಟವೇ, ಬ್ಯಾಳಿ, ಕಾಯಿಪಲ್ಲೆ, ದೊಡ್ಡ ದೊಡ್ಡ ರೊಟ್ಟಿ.

ನಾನು ಕೇಳಿದೆ, "ಮೊದಲ ಇದ್ದ ಮಂದಿ ಈಗ ಎಲ್ಲಿದ್ದಾರ?" ಅವರಿಗೆ ಗೊತ್ತಿರಲಿಲ್ಲ. ಹೊಸ ಬಡಾವಣೆಯಲ್ಲಿ ಇರಬಹುದು ಅಂದರು. ಆ ರಾತ್ರಿ ನನಗೆ ನಿದ್ದಿ ಬರಲಿಲ್ಲ. ಮನೆ ಉಳಿಸಿ ಮನೆಯವರನ್ನು ಕಳೆದುಕೊಳ್ಳುವುದು ಕಂಬ ಮಾರಿದ್ದಕ್ಕಿಂತ ಏನು ಬೇರೆ? ಮರುದಿನವೇ ನಾನು, ತಮ್ಮ, ಅಣ್ಣನ ಮಗ ಕೂತು ಒಂದು ಮಾತು ಗಟ್ಟಿ ಮಾಡಿದೆವು. ವೈನಿ ಇರುವ ತನಕ ಅಡಗಿ ಮನಿ, ದೇವರ ಮನಿ ಅವರದು. ಬಾಡಿಗಿಗೆ ಕೊಡುವುದು ಪಡಸಾಲಿಯ ಬದಿಯ ಎರಡು ಖೋಲಿ, ಮಾಳಗಿ ಮ್ಯಾಲಿನ ಒಂದು ಖೋಲಿ, ಅಷ್ಟೇ. ಪೂರ್ತಿ ಮನೆಯ ಕೀಲಿ ಯಾರಿಗೂ ಇಲ್ಲ. ಒಬ್ಬ ಏಜೆಂಟ ಬಂದು "ಮನೆ ಖಾಲಿ ಮಾಡಿ ಕೊಟ್ಟರ ಎರಡು ಪಟ್ಟು ಕೊಡಸ್ತೀನಿ" ಅಂದ. ಚಹಾ ಕುಡಿಸಿ ಕಳಿಸಿದೆವು.

ಇನ್ನು ಊಟದ ವಿಷಯ. ಖರೇ ಹೇಳಬೇಕೆಂದರೆ ಮಂದಿ ಮನೆ ನೋಡಲಿಕ್ಕೆ ಒಮ್ಮೆ ಬರುತ್ತಾರೆ, ಎರಡನೇ ಸಲ ಬರುವುದು ಊಟಕ್ಕೆ. ನಮ್ಮ ಮಾಲದಂಡಿ ಜೋಳ ಇದೇ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆರಿಸಿ ತೆಗೆದ ತಳಿ. ಮಂಗಳವೇಢೆಯ ಜೋಳಕ್ಕಂತೂ 2016ರಲ್ಲಿ ಜಿಐ ಸಿಕ್ಕಿದೆ. ಹಿಂಗಾರಿ ಬಿತ್ತಿದ ಮೇಲೆ ಮಳೆ ಇಲ್ಲದಿದ್ದರೂ ಎರಿ ಹೊಲದ ಹಸಿಯ ಮ್ಯಾಲೆಯೇ ಬೆಳೆಯುತ್ತದೆ, ಆದ್ದರಿಂದ ಆ ರುಚಿ. ಬಿಸಿ ರೊಟ್ಟಿ ತಟ್ಟಿ ಹಾಕಿದರೆ ಹಂಚಿನ ಮೇಲೆ ಪುಗ್ಗಾದಂತೆ ಉಬ್ಬಬೇಕು. ಜೋಡಿ ಬದನಿಕಾಯಿ ಎಣ್ಣಿಗಾಯಿ, ಪುಂಡಿಪಲ್ಲೆ, ಜುಣಕ, ಗುರೆಳ್ಳ ಹಿಂಡಿ, ಹಸೀ ಮೆಂತೆ ಪಲ್ಲೆ, ಕೆನಿ ಮೊಸರು. ಶೇಂಗಾ ಹಿಂಡಿ ಸೊಲ್ಲಾಪುರದ ಪ್ರತಿ ಅಂಗಡಿಯಲ್ಲಿ ಪಾಕೀಟಿನಲ್ಲಿ ಸಿಗುತ್ತದೆ, ಆದರೆ ಒಳ್ಳಾಗ ಕುಟ್ಟಿದ್ದೇ ಬೇರೆ. ಕುಟ್ಟುತ್ತ ಕುಟ್ಟುತ್ತ ಶೇಂಗಾ ತಾನೇ ಎಣ್ಣಿ ಬಿಟ್ಟು ಮುದ್ದಿ ಆಗಬೇಕು. ಮಿಕ್ಸರಿಗೆ ಹಾಕಿದರೆ ಪುಡಿ ಆಗುತ್ತದೆ ಹೊರತು ಹಿಂಡಿ ಆಗುವುದಿಲ್ಲ. ಮಂದಿ ಹಣಚಿ ನೋಡುವುದಿಲ್ಲ, ಏನು ಮಾಡಿದ್ದೇವೋ ಅದನ್ನೇ ಉಣ್ಣಬೇಕು. ಒಬ್ಬರು ಪನೀರ ಕೇಳಿದರು. ರೋಡಿನ ಢಾಬಾ ತೋರಿಸಿದೆವು, ಹೋಗಿ ಉಂಡು ಬಂದರು, ಮರುದಿನ ಮುಂಜಾನೆ ಧಪಾಟಿ ಮೊಸರು ತಿಂದು ಇನ್ನೊಂದು ದಿನ ಇದ್ದರು.

ಆದರೆ ಊಟಕ್ಕೆ ರೊಕ್ಕ ತೆಗೆದುಕೊಳ್ಳುವುದು ಹೇಗೆ? ಇದೇ ದೊಡ್ಡ ಜಗಳ. ವೈನಿಯ ಮಾತು, "ಖೋಲಿಗಿ ತೊಗೋರಿ. ಮನಿಗಿ ಬಂದವರಿಗಿ ನೀಡಿದ ರೊಟ್ಟಿಗಿ ರೊಕ್ಕಾ ಎಣಸೂದು ನನ್ನ ಕೈಲೆ ಆಗೂದಿಲ್ಲ." ಅವರು ಅಂದದ್ದು ಸುಳ್ಳಲ್ಲ. ದಾಸೋಹದ ನಾಡು ನಮ್ಮದು, ಜಂಗಮರಿಗೂ ದಾರಿಹೋಕರಿಗೂ ನೀಡಿದ ಕೈ ಅದು. ಅವರ ಮಾತಿಗೆ ನಾವು ಗಂಡಸರೆಲ್ಲ ತಲಿ ಹಾಕಿದೆವು. ಆಗ ನನ್ನ ಸೊಸಿ ಒಳಗಿನಿಂದ ಬಂದು ಹೇಳಿದಳು: "ಅತ್ತಿ, ಪುಣ್ಯಾ ನಿಮಗ ಬರ್ತದ, ಟೊಂಕಾ ನಂದು ನೋಯ್ತದ. ಹತ್ತು ಮಂದಿಗಿ ಮೂವತ್ತು ರೊಟ್ಟಿ ಬಡಿಯಾಕಿ ನಾ." ಮನೆಯಲ್ಲಿ ಒಂದು ಹೊತ್ತು ಯಾರೂ ಮಾತಾಡಲಿಲ್ಲ. ದಾಸೋಹ ಅಂತ ಹೇಳುವವರು ಗಂಡಸರು, ಚುಲಿ ಮುಂದೆ ಕೂಡುವವರು ಹೆಂಗಸರು. ಇದು ನಾನು ಹಾಡಿಕೆಯಲ್ಲಿಯೂ ನೋಡಿದ್ದೇನೆ, ರಾತ್ರಿಯಿಡೀ ಹಾಡಿದವರಿಗೆ ಶಾಲು ಹೊದಿಸುತ್ತಾರೆ, ಅವರಿಗೆ ಅಡಗಿ ಮಾಡಿದವರ ಹೆಸರು ಯಾರೂ ತೆಗೆಯುವುದಿಲ್ಲ.

ಕಡೆಗೆ ಹೀಗೆ ಆಯಿತು. ಖೋಲಿಯ ಬಾಡಿಗಿ ಮನೆಯ ಲೆಕ್ಕಕ್ಕೆ. ಊಟದ ರೊಕ್ಕ ಬ್ಯಾರೆ, ಅದು ಓಣಿಯ ಹೆಂಗಸರ ಬಚತ ಗಟದ ಖಾತೆಗೆ. ಸೊಸಿ ಮತ್ತು ಇನ್ನೂ ನಾಲ್ಕು ಮಂದಿ ಪಾಳಿ ಹಚ್ಚಿಕೊಂಡು ಅಡಗಿ ಮಾಡುತ್ತಾರೆ, ರೊಕ್ಕ ತಾವೇ ಹಂಚಿಕೊಳ್ಳುತ್ತಾರೆ, ಗಂಡಸರು ಆ ವಹಿ ಮುಟ್ಟುವಂತಿಲ್ಲ. ವೈನಿ ರೊಕ್ಕದ ಮಾತು ನಡೆಯುವಾಗ ಎದ್ದು ದೇವರ ಮನಿಗೆ ಹೋಗುತ್ತಾರೆ. ಚಹಾಕ್ಕೆ, ಮಜ್ಜಿಗಿಗೆ, ಸಣ್ಣ ಹುಡುಗರ ಹಾಲಿಗೆ ರೊಕ್ಕ ಇಲ್ಲ, ಅದು ಅವರ ಹಟ.

ಎಳ್ಳಮಾಸಿಗೆ ಖೋಲಿ ಕೊಡುವುದಿಲ್ಲ. ಅಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗಿ, ಅಂಬಲಿ ಉಣ್ಣುವ ದಿನ. ಯಾರು ಬಂದರೂ ಕರೆದು ಕೂಡ್ರಿಸುತ್ತೇವೆ, ಯಾರ ಹತ್ತಿರವೂ ರೂಪಾಯಿ ಇಲ್ಲ. ಅದಾದ ಮೇಲೆ ಸೀತನಿ ಕಾಲ. ಮರಾಠಿಯವರು ಹುರಡಾ ಅನ್ನುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಹಸಿ ತೆನಿ ಸುಟ್ಟು, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ ಊದಿ, ಬೆಲ್ಲ, ಶೇಂಗಾ ಹಿಂಡಿ ಹಚ್ಚಿ ತಿನ್ನಬೇಕು. ಕಾಳು ಹಾಲಿನಿಂದ ಗಟ್ಟಿಗೆ ತಿರುಗುವ ಆ ಕೆಲವೇ ದಿನ ಅಷ್ಟೇ ಅದು ಸಿಗುವುದು. ಎಪ್ರಿಲ್‌ನಲ್ಲಿ ಫೋನು ಮಾಡಿ "ಹುರಡಾ ಅದ ಏನ್ರೀ?" ಅಂತ ಕೇಳುವವರಿಗೆ ಏನು ಹೇಳಬೇಕು?

ಬಂದವರು ನಾನು ಹಾಡುತ್ತೇನೆಂದು ತಿಳಿದು ಹಾಡಿರಿ ಅನ್ನುತ್ತಾರೆ. ಹಂತಿ ಪದ ಕಣದ ಪದ. ಎತ್ತು ಮೇಟಿ ಸುತ್ತ ತಿರುಗಬೇಕು, ಅವುಗಳ ನಡಿಗೆಯಿಂದ ತಾಳ ಬರಬೇಕು, ರಾತ್ರಿ ಕಳೆಯಬೇಕು. ಈಗ ಮಶೀನು ಬಂದು ಒಂದು ತಾಸಿನಲ್ಲಿ ರಾಶಿ ಮುಗಿಸುತ್ತದೆ. ಊಟ ಮಾಡುವವರ ಮುಂದೆ ನಿಂತು ಅದನ್ನು ಹಾಡಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ಸೋಮವಾರ ರಾತ್ರಿ ಗುಡಿಯಲ್ಲಿ ನಮ್ಮ ಭಜನಿ ಇರುತ್ತದೆ. ಬೇಕಾದವರು ಬಂದು ಕೂಡ್ರಲಿ, ತಾಳ ಹಿಡಿಯಲಿ. ಮುಂಬೈಯ ಒಬ್ಬ ಡಾಕ್ಟರ್‌ಬಾಯಿ ಮೂರು ತಾಸು ಕೂತು ತಾಳ ಬಾರಿಸಿದರು, ತಪ್ಪು ಬಾರಿಸಿದರು, ಆದರೆ ಎದ್ದು ಹೋಗಲಿಲ್ಲ.

"ಮಹಾರಾಷ್ಟ್ರದಾಗ ಇದ್ದು ಕನ್ನಡ ಯಾಕ ಮಾತಾಡ್ತೀರಿ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರನ್ನು ನಾನು ಭೀಮಾ-ಸೀನಾ ಕೂಡುವ ಹತ್ತರಸಂಗ ಕುಡಲಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನೂರಾರು ಸಣ್ಣ ಮುಖ ಕೆತ್ತಿದ ಲಿಂಗ ಇದೆ, 1018ರ ಮರಾಠಿ ಶಾಸನ ಇದೆ, ಬಹಳ ಹಳೆಯದು ಅಂತ ಮರಾಠಿಯವರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ತೋರಿಸಲಿ. ಅಲ್ಲಿಂದ ಸೊಲ್ಲಾಪುರಕ್ಕೆ ಬಂದು ಕೆರೆಯ ನಡುವಿನ ಸಿದ್ಧರಾಮೇಶ್ವರನ ಗುಡಿ ನೋಡಿಸುತ್ತೇನೆ. ಹನ್ನೆರಡನೇ ಶತಮಾನದಲ್ಲಿ ಆ ಶರಣ ವಚನ ಹೇಳಿದ್ದು ಕನ್ನಡದಲ್ಲಿ. ಗಡ್ಡಾ ಜಾತ್ರೆಯಲ್ಲಿ ನಂದಿಕೋಲು ಹೊರುವವರು ಎರಡೂ ಮಾತು ಆಡುತ್ತಾರೆ. ಇಷ್ಟು ನೋಡಿದ ಮೇಲೆ ಬಹಳ ಮಂದಿ ಮತ್ತೆ ಆ ಪ್ರಶ್ನೆ ಕೇಳುವುದಿಲ್ಲ. ವೈನಿಗೆ ಮರಾಠಿ ಬರುತ್ತದೆ, ಆದರೆ ಉಣ್ಣಿರಿ ಅಂತ ಹೇಳುವಾಗ ಕನ್ನಡದಲ್ಲಿಯೇ ಹೇಳುತ್ತಾರೆ. ಎಲ್ಲರಿಗೂ ತಿಳಿಯುತ್ತದೆ.

ಕಡೆಗೆ ಲೆಕ್ಕ, ರಾತ್ರಿ ಬಂದು ಕೇಳಿದವರಿಗೆ. ಹೋದ ವರ್ಷ ನಲವತ್ತೊಂದು ರಾತ್ರಿ ಮಂದಿ ಇದ್ದರು, ಹೆಚ್ಚಿನವು ಗುರುವಾರ ಮತ್ತು ಸೀತನಿ ಕಾಲದ ಶನಿವಾರ. ಮಾರ್ಚಿನಿಂದ ಜೂನ್ ತನಕ ಯಾರೂ ಇಲ್ಲ, ತಂಪು ಮನೆ ಅಂತ ಎಷ್ಟು ಹೇಳಿದರೂ ಪ್ಯಾಟಿಯವರಿಗೆ ಎಸಿ ಬೇಕು. ದುರಸ್ತಿಗೆ ತೆಗೆದ ಸಾಲ ಇನ್ನೂ ಅರ್ಧ ಇದೆ. ಇದರಿಂದ ಹೊಟ್ಟಿ ತುಂಬುವುದಿಲ್ಲ, ಹೊಲ ಇದ್ದರೇ ಮನೆ ನಡೆಯುತ್ತದೆ. ಆದರೆ ಮಾಳಗಿ ರಿಪೇರಿ, ಸುಣ್ಣ, ಲೈಟ್ ಬಿಲ್ಲು ಹೊರಡುತ್ತದೆ, ಹೆಂಗಸರ ಕೈಯಲ್ಲಿ ತಮ್ಮ ರೊಕ್ಕ ಇದೆ. ತಮ್ಮನ ಮಗಳ ಲಗ್ನಕ್ಕೆ ನಾವಿಬ್ಬರು ಕೂಡಿ ಸಾಲ ಎತ್ತಿ ಕೊಟ್ಟೆವು. ಅವನ ಪಾಲಿನ ಬಾಡಿಗಿ ವರ್ಷಕ್ಕೊಮ್ಮೆ ದೀಪಾವಳಿಗೆ ಮುಟ್ಟುತ್ತದೆ. ಐದು ವರ್ಷ ಯಾರೂ ಮಾರುವಂತಿಲ್ಲ ಅಂತ ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ಮೂವರೂ ಸಹಿ ಮಾಡಿದ್ದೇವೆ. ಇನ್ನೆರಡು ವರ್ಷ ಉಳಿದಿದೆ. ಆ ಕಟ್ಟಿಗಿ ವ್ಯಾಪಾರಿ ಈಗಲೂ ಜಾತ್ರೆಯಲ್ಲಿ ಕಂಡರೆ ನಮಸ್ಕಾರ ಮಾಡಿ ಕಂಬಗಳ ಕ್ಷೇಮ ವಿಚಾರಿಸುತ್ತಾನೆ.

ಅಣ್ಣನ ಮಗ ಹಿತ್ತಲದಲ್ಲಿ ಇನ್ನೂ ಎರಡು ಖೋಲಿ ಕಟ್ಟಬೇಕು ಅನ್ನುತ್ತಾನೆ. ಅಲ್ಲಿ ವೈನಿಯ ಕರಿಬೇವು, ನುಗ್ಗಿ ಗಿಡ ಇವೆ. ಕೇಳಿದರೆ "ನೋಡೂಣು, ಈ ಮಳಿಗಿ ಮಾಳಗಿ ಸೋರ್ತದೇನ ಮೊದಲ ನೋಡೂಣು" ಅಂದಿದ್ದಾರೆ.